ರೆಕ್ಕೆ ಮಡಚು, ಊಟಕ್ಕೆ ಬಾ

ನೆನೆಸಿದ ಕೆಮ್ಮಣ್ಣಿನ ವಾಸನೆ ಮೊದಲು ಬಂತು. ಆಮೇಲೆ ಆ ಮಾತು.

ಹೋದ ತಿಂಗಳು ನನಗೆ ಸರ್ಪಸುತ್ತು ಆಗಿತ್ತು. ಬಲಗಡೆ ಸೊಂಟದಿಂದ ಹೊಕ್ಕುಳದವರೆಗೂ ಸಾಲು ಗುಳ್ಳೆ. ಸೀರೆ ತಾಕಿದರೂ ಕೆಂಡ ಇಟ್ಟ ಹಾಗೆ ಉರಿ. ಮೂವತ್ತು ವರ್ಷಕ್ಕೂ ಹೆಚ್ಚು ಸರ್ಕಾರಿ ನರ್ಸ್ ಆಗಿದ್ದವಳು ನಾನು. ಅದು ಯಾಕೆ ಬರುತ್ತದೆ, ಎಷ್ಟು ದಿನ ಇರುತ್ತದೆ, ಎಲ್ಲ ಗೊತ್ತು. ಇಲ್ಲೇ ಕಡೂರಿನ ಡಾಕ್ಟರು ಕೊಟ್ಟ ಮಾತ್ರೆ ನುಂಗಿಕೊಂಡು ಬಿದ್ದುಕೊಂಡಿದ್ದೆ. ಆದರೆ ಸೊಸೆಗೆ ಸಮಾಧಾನವಿಲ್ಲ. ಆ ಹಾವಿನ ತಲೆ ಬಾಲ ಮೈ ಸುತ್ತಿ ಬಂದು ಒಂದಕ್ಕೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ನನ್ನನ್ನು ಒಂದು ಮಾತೂ ಕೇಳದೆ, ಕೆಮ್ಮಣ್ಣು ಹಚ್ಚುವ ಹೆಂಗಸೊಬ್ಬಳನ್ನು ಮನೆಗೆ ಕರೆತಂದಳು.

ನಲವತ್ತೈದರ ಆಸುಪಾಸಿನ ಹೆಂಗಸು. ಸ್ಟೀಲ್ ಬಟ್ಟಲಿನಲ್ಲಿ ಕೆಮ್ಮಣ್ಣು ಕಲಸಿ, ಗುಳ್ಳೆ ಸಾಲಿನ ಎದುರಿಗೆ ತಲೆ ಬರುವಂತೆ ಬೆರಳಲ್ಲೇ ಹಾವು ಬರೆಯತೊಡಗಿದಳು. ತಣ್ಣಗೆ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಬರೆಯುತ್ತಾ ತುಟಿಯೊಳಗೇ ಗೊಣಗತೊಡಗಿದಳು.

“ವರೂ ಝೇಂ... ಪಿಲಾನೇ ಓಸು... ವರೂ ಝೇಂ... ಪಿಲಾನೇ ಓಸು...”

ನಾನು ದಡಕ್ಕನೆ ಎದ್ದು ಕೂತೆ. “ಏನೇ ಅದು ನೀನು ಹೇಳ್ತಿರೋದು?”

“ಸರ್ಪಮಂತ್ರ ಕಣಮ್ಮ. ಸುಮ್ಕೆ ಮಲೀಕೋ, ಅಳ್ಳಾಡಬಾರ್ದು.”

ಸರ್ಪಮಂತ್ರವಂತೆ! ಅದು ಮಂತ್ರವಲ್ಲ. ತಾಯಿಯೊಂದು ಮರಿಯನ್ನು ಉಣ್ಣಲು ಕರೆಯುವ ಮಾತು. ತಾಯಿ ಅಂದರೆ ಹೆಂಗಸೂ ಅಲ್ಲ, ಹಸುವೂ ಅಲ್ಲ. ಬೆಂಕಿ ಉಗುಳುವ ಡ್ರ್ಯಾಗನ್ನು. ಅಂಥ ಪ್ರಾಣಿಯೂ ಇಲ್ಲ, ಅಂಥ ಭಾಷೆಯೂ ಇಲ್ಲ. ಎರಡನ್ನೂ ಕಟ್ಟಿದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅವರು ಕಟ್ಟುವಾಗ ಗೋಡೆಯ ಈಚೆ ಕೂತು ಕೇಳಿಸಿಕೊಂಡವಳು ನಾನು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದಿಂದ ಶಿವನಿ ಕಡೆಗಿದ್ದ ಒಂದು ಊರಿಗೆ ನನಗೆ ಮೊದಲ ಪೋಸ್ಟಿಂಗ್ ಆಗಿತ್ತು. ಊರಿನ ಹೆಸರು ಬೇಡ. ಅಲ್ಲಿನವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ, ಏನಾದರೂ ಅಂದುಬಿಟ್ಟೇನು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಈಚೆ ಭಾಗ ನನಗೆ, ಆಚೆ ಭಾಗ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ. ಐವತ್ತಕ್ಕೆ ಹತ್ತಿರದವರು. ಒಂಟಿ. ಉಗುರು ಸಂದಿಯಲ್ಲಿ ಯಾವಾಗಲೂ ಬಣ್ಣ. ಗೋಡೆ ಸೂರಿನವರೆಗೂ ಹೋಗಿರಲಿಲ್ಲವಾದ್ದರಿಂದ ಅವರು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಒಗ್ಗರಣೆ ಹಾಕಿದರೆ ಅವರು ಸೀನುತ್ತಿದ್ದರು.

ಸಂಜೆ ಸ್ಕೂಲು ಬಿಟ್ಟು ಬಂದಮೇಲೆ ಆಚೆಯಿಂದ ವಿಚಿತ್ರ ಸದ್ದುಗಳು ಬರುತ್ತಿದ್ದವು. ಒಂದೇ ಮಾತನ್ನು ಹತ್ತು ರೀತಿ ಎಳೆದು, ಮೊಟಕು ಮಾಡಿ, ಮೂಗಲ್ಲಿ ಅಂದು ನೋಡುವುದು. ಮೊದಮೊದಲು ನನಗೆ ಭಯ. ಒಂದು ದಿನ ತಡೆಯದೆ ಕೂಗಿ ಕೇಳಿದೆ, “ಏನ್ ಮೇಷ್ಟ್ರೇ, ಯಾರ ಜೊತೆ ಜಗಳ?”

ಆಚೆ ಸದ್ದು ನಿಂತುಹೋಯಿತು. ಆಮೇಲೆ ನಾಚಿಕೊಂಡ ದನಿ. “ಜಗಳ ಅಲ್ಲ ಸಿಸ್ಟರ್. ಒಂದು ಮುದಿ ರೆಕ್ಕೆಹಾವು ಮರೀನ ಊಟಕ್ಕೆ ಕರೀತಾ ಇದೆ. ಹೆಂಗೆ ಕರೀಬೇಕು ಅಂತ ತಿಳೀವಲ್ದು.”

ಕಥೆ ಶುರುವಾದದ್ದು ಅವರ ಕ್ಲಾಸಿನಲ್ಲಂತೆ. ಮಡಕೆ, ಮಾವಿನಕಾಯಿ ಬರೆಸಿ ಬರೆಸಿ ಬೇಸತ್ತು, ಒಂದು ದಿನ ಬೋರ್ಡಿನ ತುಂಬ ಡ್ರ್ಯಾಗನ್ ಬರೆದಿದ್ದಾರೆ. ಅವರ ಹತ್ತಿರ ಹಳೆಯ ಟೀ ಡಬ್ಬವೊಂದಿತ್ತು, ಅದರ ಮೇಲಿನ ಚಿತ್ರ. ಮಕ್ಕಳಿಗೆ ತಿಳಿಯಲೆಂದು ‘ರೆಕ್ಕೆಹಾವು’ ಅಂದರು. ಆಗ ಒಂದು ಹುಡುಗಿ ಎದ್ದು, “ಇದು ಏನ್ ಮಾತಾಡ್ತದೆ ಸಾ?” ಎಂದು ಕೇಳಿತಂತೆ. ಉತ್ತರ ಹೊಳೆಯಲಿಲ್ಲ. “ಮಗು ಕೇಳಿದ್ ಪ್ರಶ್ನೆಗೆ ಗೊತ್ತಿಲ್ಲ ಅಂದ್ರೆ ನಾನೆಂಥಾ ಮೇಷ್ಟ್ರು ಸಿಸ್ಟರ್?” ಎನ್ನುತ್ತಿದ್ದರು. ಆ ಉತ್ತರ ಹುಡುಕುತ್ತಾ ಎರಡು ಉದ್ದ ನೋಟ್‌ಬುಕ್ಕು ತುಂಬಿಸಿದ್ದರು.

ಮನುಷ್ಯರು ಹುಟ್ಟುವ ಮೊದಲೇ ಇದ್ದ ನಾಡು ಅದು. ಬೆಟ್ಟದ ತುಂಬ ರೆಕ್ಕೆಹಾವುಗಳು. ಅವುಗಳದ್ದು ಕಲ್ಲಿಗಿಂತ ಹಳೆಯ ಭಾಷೆ. ಈಗ ಅದನ್ನು ಆಡುವುದಕ್ಕೆ ಎರಡೇ ಉಳಿದಿವೆ, ಒಂದು ಮುದಿ ತಾಯಿ, ಒಂದು ಮರಿ. ಮರಿಗೆ ಅರ್ಧ ಮರೆತುಹೋಗಿದೆ. ಬಾಯಲ್ಲಿ ಬೆಂಕಿ ಇರುವುದರಿಂದ ಅವು ಮೂಗಿನಲ್ಲೇ ಮಾತಾಡಬೇಕು, ಅದಕ್ಕೇ ಎಲ್ಲದರಲ್ಲೂ ‘ಝೇಂ’, ‘ಹೂಂ’. ಅಡುಗೆಯ ಬೆಂಕಿಗೆ ಒಂದು ಹೆಸರು, ಕಾಡು ಸುಡುವ ಬೆಂಕಿಗೆ ಒಂದು, ಚಳಿಯಲ್ಲಿ ಒಬ್ಬರ ಮೈಯಿಂದ ಇನ್ನೊಬ್ಬರಿಗೆ ತಾಗುವ ಬಿಸಿಗೆ ಇನ್ನೊಂದು. ಆ ಭಾಷೆಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಬೆಂಕಿ ಹೊರಗೆ ಬಾರದೆ ಒಳಗೇ ಉರಿಯುತ್ತದೆ... ಇಷ್ಟನ್ನೂ ಅವರು ಸಂತೆಗೆ ಹೋಗಿ ಬಂದ ಸುದ್ದಿ ಹೇಳುವಂತೆ ಹೇಳುತ್ತಿದ್ದರು.

ನಾನು ನಗುತ್ತಿದ್ದೆ. ನಗುತ್ತಲೇ ನಲವತ್ತು ಮಾತು ಕಲಿತೆ. ಬೆಳಗ್ಗೆ ಸೈಕಲ್ ತೆಗೆಯುವಾಗ ಅವರು ಜಗುಲಿಯಿಂದ “ಇಹೂಂ ದಾ?” ಎನ್ನುತ್ತಿದ್ದರು. ‘ಕಿಡಿ ಆರಿಲ್ಲ ತಾನೆ?’ ಎಂದು ಅದರ ಅರ್ಥ. ನಾನು “ದಾ ಇಹೂಂ” ಎನ್ನಬೇಕು, ‘ಆರಿಲ್ಲ’ ಎಂದು. ಮನೆ ಮಂದಿಯನ್ನು ಬಿಟ್ಟು ಬಂದು ಅಂಥ ಊರಲ್ಲಿ ಒಂಟಿಯಾಗಿದ್ದ ನನಗೆ ದಿನವೂ ಹಾಗೆ ಕೇಳುವವರು ಬೇರೆ ಯಾರಿದ್ದರು?

ಮಕ್ಕಳು ಕೂಡ ಅದನ್ನೇ ಮಾತಾಡುತ್ತಾ ಮನೆಗೆ ಹೋಗುತ್ತಿದ್ದವು. ಮೇಷ್ಟ್ರಿಗೆ ಹಾವಿನ ಭಾಷೆ ಬರುತ್ತದಂತೆ ಎಂದು ಊರಲ್ಲಿ ಗುಸುಗುಸು ಶುರುವಾಗಿತ್ತು. ಅದು ಗುಸುಗುಸುವಾಗಿಯೇ ಉಳಿಯುತ್ತಿತ್ತು, ನಾನೊಬ್ಬಳು ಬಾಯಿ ಮುಚ್ಚಿಕೊಂಡಿದ್ದರೆ.

ರೈಲ್ವೆ ಗ್ಯಾಂಗ್‌ಮನ್ನನ ಹೆಂಡತಿಯೊಬ್ಬಳು ಸರ್ಪಸುತ್ತು ಎಂದು ನನ್ನ ಹತ್ತಿರ ಬಂದಳು. ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುತ್ತಿದ್ದ ಊರಿನ ಮುದುಕ ಕುಂಬಾರ ಆ ವರ್ಷ ತೀರಿಕೊಂಡಿದ್ದ. ನನ್ನ ಹತ್ತಿರ ಇದ್ದದ್ದು ಹಚ್ಚುವ ಲೋಷನ್ ಮಾತ್ರ. “ಎರಡು ಮೂರು ವಾರಕ್ಕೆ ತಾನಾಗಿ ಹೋಗುತ್ತೆ ಕಣೇ” ಅಂದೆ. ಅವಳು ಬಿಡಲಿಲ್ಲ. “ಮದ್ದಿಲ್ವಾ? ಹಾವು ಬರೆಯೋರು ಯಾರೂ ಇಲ್ವಾ?” ಎಂದು ಗೋಗರೆದಳು. ನನಗೆ ತಮಾಷೆ ಹೊಳೆಯಿತು. “ಪಕ್ಕದ ಮನೆ ಮೇಷ್ಟ್ರ ಹತ್ರ ಹೋಗು. ಬ್ರಷ್ ಇದೆ, ಬಣ್ಣ ಇದೆ, ಹಾವಿನ ಮಾತೂ ಬರುತ್ತೆ” ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ನೆಟ್ಟಗೆ ಹೋದಳು. ಮೇಷ್ಟ್ರಿಗೆ ಇಲ್ಲ ಅನ್ನಲು ಬಾರದು. ನೋವಿನಲ್ಲಿದ್ದವಳ ಸಮಾಧಾನಕ್ಕೆಂದು ಕೆಮ್ಮಣ್ಣಲ್ಲಿ ಹಾವು ಬರೆದು, “ಏನಾದ್ರೂ ಹೇಳಿ” ಎಂದು ಪೀಡಿಸಿದ್ದಕ್ಕೆ ಊಟದ ಕರೆ ಕರೆದಿದ್ದಾರೆ, ‘ವರೂ ಝೇಂ, ಪಿಲಾನೇ ಓಸು’. ರೆಕ್ಕೆ ಮಡಚು, ಊಟಕ್ಕೆ ಬಾ. ಎರಡು ವಾರಕ್ಕೆ ಗುಳ್ಳೆ ಒಣಗಿತು. ಒಣಗದೆ ಇನ್ನೇನು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಅವಳು ಊರೆಲ್ಲ ಸಾರಿಕೊಂಡು ಬಂದಳು. ಮೇಷ್ಟ್ರು ಆ ದಿನ ಸಂಜೆ ಗೋಡೆಯಾಚೆಯಿಂದ, “ಸಿಸ್ಟರ್, ಯಾರೋ ಅವಳಿಗೆ ನನ್ ಹೆಸರು ಹೇಳವ್ರೆ, ಯಾರು ಅಂತ ಗೊತ್ತಾ?” ಎಂದು ಕೇಳಿದರು. ನಾನು ಗೊತ್ತಿಲ್ಲ ಅಂದೆ. ಅಂದು ನಕ್ಕೆ.

ಆಮೇಲೆ ಜಗುಲಿಯ ಮೇಲೆ ಜನ ಶುರುವಾದರು. ಮಂಗನಬಾವು, ಮಕ್ಕಳ ದೃಷ್ಟಿ, ಹಾಲು ಕೊಡದ ಎಮ್ಮೆ. ಮೇಷ್ಟ್ರು ಕೈ ಮುಗಿದು ಹೇಳುತ್ತಿದ್ದರು, “ಇದು ಕಥೆ ಕಣ್ರಪ್ಪಾ, ನಾನೇ ಕಟ್ಟಿದ್ದು.” ನಮ್ಮ ಜನರಿಗೆ ಒಂದು ಲೆಕ್ಕಾಚಾರವಿದೆ. ನಿಜವಾದ ಮಂತ್ರ ಗೊತ್ತಿರುವವನು ಗೊತ್ತಿದೆ ಎಂದು ಬಾಯಿಬಿಡುವುದಿಲ್ಲ. ಬಿಟ್ಟರೆ ಶಕ್ತಿ ಹೋಗುತ್ತದೆ. ಹಾಗಾಗಿ ಅವರು ಎಷ್ಟು ಸಲ ಇಲ್ಲ ಅಂದರೋ ಅಷ್ಟು ಸಲ ಹೌದು ಎಂದು ಸಾಬೀತಾಯಿತು. “ತಿಳಿದೋರು ಹಂಗೇ ಅನ್ನೋದು” ಎಂದು ತಲೆಯಾಡಿಸಿಕೊಂಡು ಇನ್ನೂ ಹತ್ತಿರ ಕೂರುತ್ತಿದ್ದರು. ಇಂಥವರ ಮುಂದೆ ಸತ್ಯ ಹೇಳಿ ಏನು ಸಾರ್ಥಕ? ನಾನು ಆಗಲೇ ಎದ್ದು ನಿಂತು, ಕಳಿಸಿದವಳು ನಾನೇ, ತಮಾಷೆಗೆ ಕಳಿಸಿದೆ ಎಂದು ಬೀದಿಯಲ್ಲಿ ಕೂಗಬೇಕಿತ್ತು. ಕೂಗಲಿಲ್ಲ. ಸಣ್ಣ ವಿಷಯ, ತಾನಾಗಿ ತಣ್ಣಗಾಗುತ್ತದೆ ಅಂದುಕೊಂಡೆ.

ಆ ದಿನ ನಾನು ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬುಕ್ಕಾಂಬುಧಿಗೆ ಹೋಗಿದ್ದೆ. ಹನ್ನೊಂದರ ಬಸ್ಸಿಗೆ ವಾಪಸಾದರೆ ನಮ್ಮ ಮನೆ ಮುಂದೆ ಊರಿಗೂರೇ ನೆರೆದಿತ್ತು. ಜನರನ್ನು ಸರಿಸಿಕೊಂಡು ಒಳನುಗ್ಗಿದೆ.

ಜಗುಲಿಯ ಕಂಬಕ್ಕೆ ಒಬ್ಬ ಬಾಣಂತಿಯನ್ನು ಒರಗಿಸಿದ್ದರು. ಮೂರು ತಿಂಗಳ ಹಿಂದೆ ಅವಳ ಹೆರಿಗೆ ಮಾಡಿಸಿದವಳು ನಾನೇ. ಬೆಳಗ್ಗೆ ಎಂಟರ ಹೊತ್ತಿಗೆ ಬೆರಣಿ ಒಟ್ಟಿಲಿಗೆ ಕೈಹಾಕಿದಾಗ ಹಾವು ಕಚ್ಚಿತ್ತು. ಆಗಲೇ ರೆಪ್ಪೆ ಜೋತುಬಿದ್ದಿತ್ತು. ಬಾಯಿ ತೆರೆದರೆ ಮಾತು ತೊದಲುತ್ತಿತ್ತು. ಮೊಲೆಹಾಲು ಇಳಿದು ರವಿಕೆಯೆಲ್ಲ ಒದ್ದೆಯಾಗಿತ್ತು. ಅವಳ ಅತ್ತೆ ಮೇಷ್ಟ್ರ ಎರಡೂ ಕಾಲು ತಬ್ಬಿ ಹಿಡಿದಿದ್ದಳು. ಮೇಷ್ಟ್ರು ಕಣ್ಣಲ್ಲಿ ನೀರು ಸುರಿಸುತ್ತಾ ಹೇಳುತ್ತಿದ್ದರು, “ವರೂ ಝೇಂ... ಪಿಲಾನೇ ಓಸು...”

ಮೂರು ಗಂಟೆ! ಮೂರು ಗಂಟೆಯಿಂದ ಸಾಯುತ್ತಿರುವ ಹೆಂಗಸಿಗೆ ಊಟಕ್ಕೆ ಬಾ ಎಂದು ಕರೆಯುತ್ತಿದ್ದರು!

ನನಗೆ ಆಮೇಲೆ ತಿಳಿದ ಹಾಗೆ, ಮೊದಲ ಅರ್ಧ ಗಂಟೆ ಅವರು ತರೀಕೆರೆ ಆಸ್ಪತ್ರೆಗೆ ಕರಕೊಂಡು ಹೋಗಿ ಎಂದು ಎಲ್ಲರಿಗೂ ಕೈಮುಗಿದಿದ್ದರು. ಯಾರೂ ಕದಲಲಿಲ್ಲ. “ಹಾವು ಕಚ್ಚಿದೋರು ಬಾಗಿಲಿಗೆ ಬಂದಾಗ ಮಂತ್ರ ಬಲ್ಲೋನು ಇಲ್ಲ ಅಂದ್ರೆ ಏಳು ಜನ್ಮದ ಪಾಪ ಮೇಷ್ಟ್ರೇ” ಎಂದು ಹಿರಿಯರೊಬ್ಬರು ಬಾಗಿಲಿಗೆ ಅಡ್ಡ ನಿಂತರಂತೆ. ಅತ್ತೆ ಕಾಲು ಹಿಡಿದಳು. ಕೊನೆಗೆ ಅವರು ಸೋತರು. ಹೇಳಿದರೆ ಕಾಲು ಬಿಟ್ಟಾರು, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾರು ಎಂದು ಬಾಯಿ ತೆರೆದರು. ಅಷ್ಟಾದ ಮೇಲೆ ನಿಲ್ಲಿಸಲು ಯಾರು ಬಿಡುತ್ತಾರೆ?

ಅವತ್ತು ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಕಂಡದ್ದು ಮಂತ್ರ ಹಾಕುತ್ತಿರುವ ಮೇಷ್ಟ್ರನ್ನು ಅಷ್ಟೇ. ಎಲ್ಲರ ಎದುರಿಗೆ ಅವರ ಎದೆಗೆ ಕೈಯಿಟ್ಟು ನೂಕಿದೆ. “ನಿಮ್ಮ ಹಾಳು ಭಾಷೆಗೆ ಬೆಂಕಿ ಬೀಳ! ಓದಿದೋರು ನೀವು, ನೀವೇ ಕೊಲ್ತಿದೀರಲ್ರೀ ಇವಳನ್ನ!” ಎಂದು ಕಿರುಚಿದೆ. ಅವರು ಗೋಡೆಗೆ ತಾಗಿ ನಿಂತರು. ನನ್ನನ್ನೇ ನೋಡುತ್ತಿದ್ದರು.

ಈರುಳ್ಳಿ ತುಂಬಿಕೊಂಡು ತರೀಕೆರೆ ಕಡೆ ಹೊರಟಿದ್ದ ಲಾರಿಯೊಂದನ್ನು ರಸ್ತೆ ಮಧ್ಯ ನಿಂತು ಅಡ್ಡಹಾಕಿದೆ. ಮೂಟೆಗಳ ಮೇಲೆ ಅವಳನ್ನು ಮಲಗಿಸಿಕೊಂಡು ನಾನೂ ಅವಳ ಗಂಡನೂ ಕೂತೆವು. ಅರ್ಧ ದಾರಿಯಲ್ಲಿ ಉಸಿರು ನಿಲ್ಲತೊಡಗಿತು. ಬಾಯಿಗೆ ಬಾಯಿಟ್ಟು ಊದಿದೆ. ಊದಿದೆ, ಊದಿದೆ... ಆಸ್ಪತ್ರೆಯ ಗೇಟು ಕಾಣುವಾಗ ಅವಳು ಇರಲಿಲ್ಲ. ಡಾಕ್ಟರು ಎಷ್ಟು ಹೊತ್ತಿಗೆ ಕಚ್ಚಿದ್ದು ಎಂದು ಕೇಳಿದರು. ಎಂಟಕ್ಕೆ ಅಂದೆ. ಅವರು ಗೋಡೆ ಗಡಿಯಾರ ನೋಡಿದರು, ಒಳಗೆ ಫ್ರಿಜ್ಜಿನಲ್ಲಿ ಇಂಜೆಕ್ಷನ್ ಇತ್ತು ಎಂದಷ್ಟೇ ಹೇಳಿದರು.

ಊರು ಏನೆಂದಿತು ಗೊತ್ತೇ? “ಮಂತ್ರ ಇಳೀತಾ ಇತ್ತು. ನರ್ಸಮ್ಮ ನಡುವೆ ಬಂದು ಮುರಿದುಬಿಟ್ರು. ಇಲ್ದಿದ್ರೆ ಉಳೀತಿದ್ಲು.” ಸತ್ತವಳ ಅತ್ತೆಯೇ ಹಾಗೆಂದಳು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಅಂದಳು. ಬಾಗಿಲಿಗೆ ಅಡ್ಡ ನಿಂತಿದ್ದ ಹಿರಿಯರು ಏನೂ ಆಗದವರಂತೆ ಮಾರನೆಯ ದಿನ ಅಂಗಡಿ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಆ ದೃಶ್ಯ ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಆದರೆ ಅವರೆಲ್ಲರಿಗಿಂತ ಹೆಚ್ಚಿನ ಕೋಪ ನನಗೆ ನನ್ನ ಮೇಲೆ. ಮೇಷ್ಟ್ರು ಮತ್ತೆ ಬಾಯಿ ತೆರೆಯಲಿಲ್ಲ. ಗೋಡೆಯಾಚೆ ಕೆಮ್ಮು ಕೂಡ ಕೇಳುತ್ತಿರಲಿಲ್ಲ. ಬೆಳಗ್ಗೆ ಜಗುಲಿಯಲ್ಲಿ ನನ್ನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದರು. ಅವರು ತಾವೇ ಕೊಂದೆವೆಂದು ನಂಬಿದ್ದರು, ನಾನೇ ತಾನೆ ಹಾಗೆಂದು ಕೂಗಿದ್ದು! ಎದ್ದು ಹೋಗಿ, “ಮೇಷ್ಟ್ರೇ, ಮೊದಲನೆಯವಳನ್ನು ನಿಮ್ಮ ಹತ್ತಿರ ಕಳಿಸಿದವಳು ನಾನು” ಎನ್ನಲು ಹದಿನೈದು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ತಿಂಗಳೊಳಗೆ ಲಕ್ಕವಳ್ಳಿ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟುಹೋದರು. ಆ ಎರಡು ನೋಟ್‌ಬುಕ್ಕು ಏನಾದವೋ... ಸುಟ್ಟರೋ, ಹರಿದರೋ, ಜೊತೆಗೊಯ್ದರೋ, ನನಗೆ ತಿಳಿಯಲಿಲ್ಲ.

ಆರೇಳು ವರ್ಷದ ಮೇಲೆ ಇದೇ ಕಡೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಅವರನ್ನು ಕಂಡೆ. ನನಗೆ ಮದುವೆಯಾಗಿ ಮಗನೂ ಹುಟ್ಟಿದ್ದ. ಅವರು ಬೆಂಚಿನ ಮೇಲೆ ಕೂತು ಅರಸೀಕೆರೆ ಕಡೆಯ ರೈಲಿಗೆ ಕಾಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಉಗುರು ಸಂದಿ ಸ್ವಚ್ಛವಾಗಿತ್ತು. ಇವತ್ತು ಹೇಳಿಯೇಬಿಡುತ್ತೇನೆ ಎಂದು ಎದುರಿಗೆ ಹೋಗಿ ನಿಂತೆ. ಹೇಳಬೇಕಾದ್ದನ್ನು ಬಿಟ್ಟು, “ಇಹೂಂ ದಾ?” ಅಂದೆ.

ಅವರು ಮುಖ ಎತ್ತಿದರು. ತುಟಿ ಒಂಚೂರು ಅಲುಗಿತು. ಆಮೇಲೆ, “ಏನಂದ್ರೋ ತಿಳೀಲಿಲ್ಲ ತಾಯಿ. ನಂಗೆ ಕನ್ನಡ ಒಂದೇ ಬರೋದು” ಅಂದರು.

ರೈಲು ಬಂತು. ಅವರು ಹತ್ತಿ ಹೋದರು. ಮುಂದಿನ ವರ್ಷವೇ ತೀರಿಕೊಂಡರೆಂದು ಯಾರೋ ಹೇಳಿದರು.

ಹೋದ ತಿಂಗಳು ಕೆಮ್ಮಣ್ಣಿನ ಬಟ್ಟಲು ಹಿಡಿದು ಕೂತಿದ್ದವಳ ಮಣಿಕಟ್ಟನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಇದೆಲ್ಲ ಒಟ್ಟಿಗೇ ನುಗ್ಗಿ ಬಂದದ್ದರಿಂದ.

“ಯಾರೇ ಕಲಿಸಿದ್ದು ನಿಂಗೆ?”

“ನಮ್ಮತ್ತೆ ಕಣಮ್ಮ. ನಮ್ ಮಾವ ರೈಲ್ವೇಲಿದ್ರು, ಅಜ್ಜಂಪುರದ ಕಡೀಕೆ. ಅಲ್ಲೊಬ್ರು ಸಿದ್ಧರಿದ್ರಂತೆ, ಹಾವಿನ್ ಜೊತೆ ಮಾತಾಡೋರಂತೆ. ನಮ್ಮತ್ತೆಗೆ ಸರ್ಪಸುತ್ತು ಆದಾಗ ಅವ್ರೇ ವಾಸಿ ಮಾಡಿ ಉಪದೇಶ ಕೊಟ್ರಂತೆ.”

ನಾನು ತಮಾಷೆಗೆ ಕಳಿಸಿದ್ದ ಅದೇ ಗ್ಯಾಂಗ್‌ಮನ್ನನ ಹೆಂಡತಿ! “ಹಾವು ಕಚ್ಚಿದೋರಿಗೂ ಹಾಕ್ತೀಯಾ ಇದನ್ನ?”

“ಹಾಕ್ದೆ ಇರಕ್ಕಾಯ್ತದಾ? ಎರಡ್ ಸಲ ಹಾಕಿವ್ನಿ.”

“ಏನಾಯ್ತು?”

“ಒಬ್ಬ ಉಳ್ಕಂಡ.”

ಅಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಅವಳ ಮುಂದೆ ಕಕ್ಕಿಬಿಟ್ಟೆ. ಅದು ಮಂತ್ರವಲ್ಲ, ಡ್ರಾಯಿಂಗ್ ಮೇಷ್ಟ್ರೊಬ್ಬರು ಮಕ್ಕಳಿಗಾಗಿ ಕಟ್ಟಿದ ಭಾಷೆ, ರೆಕ್ಕೆ ಮಡಚು ಊಟಕ್ಕೆ ಬಾ ಎಂದು ಅದರ ಅರ್ಥ, ನಿನ್ನ ಅತ್ತೆಯನ್ನು ಅವರ ಹತ್ತಿರ ಕಳಿಸಿದವಳು ನಾನು, ಅದರಿಂದ ಒಬ್ಬಳು ಬಾಣಂತಿ ಸತ್ತಳು. ಎಲ್ಲ ಹೇಳಿದೆ. ಸೊಸೆ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು. ಬಟ್ಟಲನ್ನು ಕೆಳಗಿಟ್ಟಳು. ಬಗ್ಗಿ ನನ್ನ ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ತಿಳಿದೋರು ಹಂಗೇ ಅನ್ನೋದು ಕಣವ್ವ. ಆ ಸಿದ್ಧರ ಪಕ್ಕದಾಗೇ ಇದ್ದೋಳು ನೀನು! ಉಳಿದ್ ಮಂತ್ರ ನಂಗೂ ಕೊಡವ್ವ.”

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಇವಳಿಗೆ ನಾಳೆ ಮತ್ತೆ ಕರೆ ಬರುತ್ತದೆ. ಇವಳು ಹೋಗುತ್ತಾಳೆ. ಕೂತು ಗೊಣಗುತ್ತಾಳೆ, ಮೂರು ಗಂಟೆ. ನಾನು ಸತ್ಯ ಹೇಳಿದಷ್ಟೂ ಗಟ್ಟಿಯಾಗಿ ಗೊಣಗುತ್ತಾಳೆ.

“ಸರಿ, ಕೇಳಿಸ್ಕೋ” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ನಿಮ್ಮತ್ತೆಗೆ ಅವರು ಅರ್ಧ ಮಾತ್ರ ಕೊಟ್ಟಿದ್ದು. ಈ ಮಂತ್ರ ಕೂತು ಹೇಳಿದ್ರೆ ಹತ್ತಲ್ಲ. ಕಚ್ಚಿದೋರನ್ನ ಗಾಡೀಲಿ ಹಾಕಿ, ಗಾಡಿ ಆಸ್ಪತ್ರೆ ದಾರಿ ಹಿಡಿದ್ಮೇಲೇ ಶುರು ಮಾಡ್ಬೇಕು. ಆಸ್ಪತ್ರೆ ಬಾಗಿಲು ದಾಟಿ ಡಾಕ್ಟ್ರು ಸೂಜಿ ಚುಚ್ಚೋ ತನಕ ನಿಲ್ಲಿಸ್ಬಾರ್ದು. ನಿಂತ ಜಾಗದಲ್ಲಿ ಹೇಳಿದ್ರೆ ಹೇಳಿದೋರಿಗೇ ವಿಷ ತಿರುಗುತ್ತೆ.”

ಅವಳ ಮುಖ ಬೆಳಗಿತು. “ಅದಕ್ಕೇ ಇನ್ನೊಬ್ಬ ಸತ್ತಿದ್ದು!” ಎಂದು ಹಣೆ ಚಚ್ಚಿಕೊಂಡಳು. ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿಸಿಕೊಂಡು, ನಂಬಿ, ಮತ್ತೆ ಕಾಲು ಮುಟ್ಟಿ ಹೋದಳು.

ನಂಬಿದಳು. ಎರಡು ನಿಮಿಷದಲ್ಲಿ ನಂಬಿದಳು! ಮೇಷ್ಟ್ರು ಕೈಮುಗಿದು ಹೇಳಿದ ಸತ್ಯವನ್ನು ಯಾರೂ ನಂಬಲಿಲ್ಲ, ನನ್ನದನ್ನೂ ನಂಬಲಿಲ್ಲ, ಈ ಸುಳ್ಳನ್ನು ನಂಬಿದಳು. ಆ ದಿನ ಜಗುಲಿಯ ಮೇಲೆ ಅವರನ್ನು ನೂಕುವ ಬದಲು ಇದೊಂದು ಮಾತು ನನಗೆ ಹೊಳೆದಿದ್ದರೆ ಊರೇ ಲಾರಿ ತಂದು ನಿಲ್ಲಿಸುತ್ತಿತ್ತು. ಇಲ್ಲ, ಹನ್ನೊಂದು ಗಂಟೆಗೆ ಹೊಳೆದಿದ್ದರೂ ತಡವಾಗಿತ್ತೇನೋ. ಎಂಟಕ್ಕೆ ಅವರಿಗೆ ಹೊಳೆಯಬೇಕಿತ್ತು. ಅವರಿಗೆ ಹೊಳೆಯುವಂತಿರಲಿಲ್ಲ. ತಾವು ಕಟ್ಟಿದ ಭಾಷೆಯಲ್ಲಿ ಸುಳ್ಳಿಗೆ ಜಾಗವನ್ನೇ ಇಟ್ಟಿರಲಿಲ್ಲ ಅವರು.

ಆ ಸ್ಕೂಲಿನ ಮಕ್ಕಳು ಎಂದೋ ಮರೆತಿರಬೇಕು, ಈಗ ಆ ಭಾಷೆ ತಿಳಿದವಳು ನಾನೊಬ್ಬಳೇ. ನನಗೂ ಅರ್ಧ ಮರೆತುಹೋಗಿದೆ. ನಲವತ್ತರಲ್ಲಿ ಹದಿನೈದು ಮಾತು ನೆನಪಿದ್ದರೆ ಹೆಚ್ಚು. ಅವತ್ತು ಆ ಹೆಂಗಸು ಹೋದಮೇಲೆ ಸೊಸೆ ಬಿಸಿನೀರು ತಂದು ಕೆಮ್ಮಣ್ಣು ಒರೆಸಲು ಬಂದಳು. ಇರಲಿ ಬಿಡು ಅಂದೆ. ಆಮೇಲೆ ಗುಳ್ಳೆಗಳೇನೋ ಒಣಗಿ ಉದುರಿದವು. ಒಳಗಿನ ಉರಿ ಮಾತ್ರ ಹಾಗೇ ಇದೆ.